‘ಬರ್ತೀವಿ’ ಅನ್ನದೆ ಎದ್ದುಹೋದವರು

ಸಾವಾದ ಮನೆಯಿಂದ ಹೊರಡುವಾಗ ನಮ್ಮ ಕಡೆ ಯಾರೂ ‘ಹೋಗಿ ಬರ್ತೀವಿ’ ಅನ್ನುವುದಿಲ್ಲ. ಬಂದವರು ಒಂದಷ್ಟು ಹೊತ್ತು ಗೋಡೆಗೆ ಆತು ಕೂರುತ್ತಾರೆ, ಮನೆಯವರು ಹೇಳಿದ್ದನ್ನು ಕೇಳುತ್ತಾರೆ, ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ನಡೆದುಬಿಡುತ್ತಾರೆ. ಇಂಥ ಕಾರಣಕ್ಕೆ ಇನ್ನೊಮ್ಮೆ ಈ ಹೊಸ್ತಿಲು ದಾಟುವಂತಾಗದಿರಲಿ ಎಂದು ಅದರ ಅರ್ಥ. ಇದರ ಜೊತೆಗೆ ಇನ್ನೊಂದು ರೂಢಿಯೂ ಇದೆ. ಮದುವೆಗೆ ಕರೆದರೆ ಹೋಗಬೇಕು, ಸಾವಿಗೆ ಕರೆಯದಿದ್ದರೂ ಹೋಗಬೇಕು. ಹಾಗೆ ಹೋಗುವುದಕ್ಕೆ ‘ಮಾತಾಡಿಸಿಕೊಂಡು ಬರುವುದು’ ಅನ್ನುತ್ತೇವೆ. ಅಲ್ಲಿ ಮಾತು ಕಡಿಮೆಯೇ ಇರುತ್ತದೆ.

ನಾನು ಗದಗದಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ತಂಗಿಯನ್ನು ಶಿಗ್ಲಿಗೆ ಕೊಟ್ಟಿದ್ದೆವು. ಭಾವನಿಗೆ ಲಕ್ಷ್ಮೇಶ್ವರದ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇತ್ತು. ತಂಗಿ ಲಕ್ಷ್ಮೇಶ್ವರದಲ್ಲೇ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ಒಂದು ದಿನ ಮುಂಜಾನೆ ಅಂಗಡಿಯಲ್ಲಿ ಗಿರಾಕಿಯ ಜೊತೆ ಮಾತಾಡುತ್ತ ಕುಳಿತಿದ್ದ ಭಾವ ಹಾಗೇ ಪಕ್ಕಕ್ಕೆ ವಾಲಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ನಮ್ಮ ರೂಢಿಯಂತೆ ದೇಹವನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನಿಂದ ಕಟ್ಟಿದ ವಿಮಾನದಲ್ಲಿ ಊರೊಳಗೆ ಮೆರವಣಿಗೆ ಮಾಡಿ, ಭಜನೆಯವರನ್ನು ಮುಂದಿಟ್ಟುಕೊಂಡು ಹೊಲಕ್ಕೆ ಒಯ್ದು ಮಣ್ಣು ಮಾಡಿದೆವು. ಆ ಮನೆಯಲ್ಲಿ ಉಳಿದವರು ತಂಗಿ ಮತ್ತು ಅವಳ ಅತ್ತೆ, ಇಬ್ಬರೇ.

ತಂಗಿಯ ಹೆಸರು ಶಾಲೆಯಲ್ಲಿ ಲೇಜಿಮ್‌ನಿಂದ ನಿಂತಿತ್ತು. ಕಟ್ಟಿಗೆಯ ಹಿಡಿಕೆ, ಅದಕ್ಕೆ ಸರಪಳಿ, ಸರಪಳಿಯ ತುಂಬ ಝಣ ಝಣ ಅನ್ನುವ ಬಿಲ್ಲೆಗಳು. ಮೈದಾನದ ತುಂಬ ಹುಡುಗಿಯರು ಅದನ್ನು ಹಿಡಿದು ಬಗ್ಗಿ, ಎದ್ದು, ಹೆಜ್ಜೆ ಹಾಕುವುದನ್ನು ಆಗಸ್ಟ್ ಹದಿನೈದಕ್ಕೆ ನೋಡಲು ಲಕ್ಷ್ಮೇಶ್ವರದ ಜನ ಕಾಂಪೌಂಡಿನ ಮೇಲೆ ಹತ್ತಿ ಕೂರುತ್ತಿದ್ದರು. ಮುಂದೆ ನಿಂತು ಸೀಟಿ ಊದುತ್ತ, ತಾನೂ ಹೆಜ್ಜೆ ಹಾಕುತ್ತ ಇರುವವಳು ತಂಗಿ. ಭಾವ ಹೋದ ಮೇಲೆ ಶಾಲೆಯವರು ಅವಳ ಮೇಲಿನ ಕನಿಕರಕ್ಕೆ ಲೇಜಿಮ್ ಅನ್ನು ಬೇರೆಯವರಿಗೆ ವಹಿಸಿದರು. ಬೇವಿನ ಮರದ ನೆರಳಿಗೆ ಅವಳಿಗೆಂದು ಒಂದು ಕುರ್ಚಿ ಹಾಕಿಸಿದರು. ವರ್ಷದ ಪೂಜೆ ಆಗುವ ತನಕ ಹೋಳಿಗೆ ಮಾಡದ, ಹೊಸ ಸೀರೆ ಉಡದ ಮನೆಯ ಹೆಣ್ಣುಮಗಳನ್ನು ಕುಣಿಸುವುದು ಹೇಗೆ ಎಂದು ಅವರು ಯೋಚಿಸಿದ್ದರು. ಅದರಲ್ಲಿ ಕೆಟ್ಟತನ ಇರಲಿಲ್ಲ.

“ಅಣ್ಣಾ, ನನಗ ಕುರ್ಚಿ ಕೊಟ್ಟಾರ” ಎಂದು ತಂಗಿ ಫೋನಿನಲ್ಲಿ ಹೇಳಿದಳು. “ಎಲ್ಲಾರೂ ಭಾಳ ಛಲೋ ನೋಡ್ಕೊಳ್ತಾರ. ಸೀಟಿ ಊದೂ ಅಂತ ಒಬ್ಬರೂ ಅನ್ನವಲ್ರು.”

“ವರ್ಷ ತುಂಬಲಿ.”

“ವರ್ಷ ತುಂಬಿದ ಮ್ಯಾಲೆ ಕುರ್ಚಿ ತಗೀತಾರಂತ ತಿಳದಿ ಏನು?”

ನಾನು ಮಾತು ಬದಲಿಸಿ, ಅವಳ ಅತ್ತೆ ಹೇಗಿದ್ದಾರೆ ಎಂದು ಕೇಳಿದೆ.

ಅದಾದ ಕೆಲವು ತಿಂಗಳಿಗೆ ಬೆಟಗೇರಿಯ ಒಂದು ನಾಟಕ ತಂಡದ ಮಾಸ್ತರು ಫೋನ್ ಮಾಡಿ, ಕಾಂಗೋ ದೇಶದ ನೃತ್ಯ ಕಲಾವಿದೆಯೊಬ್ಬರು ಬಂದಿದ್ದಾರೆ, ಇಲ್ಲಿನ ಹೆಣ್ಣುಮಕ್ಕಳನ್ನು ಸೇರಿಸಿ ಒಂದು ಹೊಸ ಪ್ರಯೋಗ ಮಾಡಿಸುತ್ತಿದ್ದಾರೆ, ಬಂದು ಬರೆಯಿರಿ ಎಂದರು. ಹುಬ್ಬಳ್ಳಿಯ ಡೆಸ್ಕಿಗೆ ತಿಳಿಸಿದೆ. “ಕಾಂಗೋ ಎಲ್ಲೈತ್ರಿ? ಇರ್ಲಿ, ಒಂದು ಕಾಲಂ, ಒಂದು ಫೋಟೋ” ಎಂದರು.

ಅವರು ಅಭ್ಯಾಸ ಮಾಡುತ್ತಿದ್ದದ್ದು ನೇಕಾರರ ಹಳೆಯ ಶೆಡ್ಡಿನಲ್ಲಿ. ಮಗ್ಗಗಳು ಹೋಗಿ ಬಹಳ ಕಾಲವಾಗಿತ್ತು. ನೇಕಾರರು ಕಾಲು ಇಳಿಬಿಟ್ಟು ಕೂರುತ್ತಿದ್ದ ತಗ್ಗುಗಳ ಮೇಲೆ ಹಲಗೆ ಮುಚ್ಚಿದ್ದರು. ಕಲಾವಿದೆ ಎತ್ತರದ ಹೆಂಗಸು, ನನ್ನ ತಂಗಿಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಪ್ಯಾಂಟಿನ ಮೇಲೆ ಸೊಂಟಕ್ಕೆ ದೊಡ್ಡ ಹೂವಿನ ಅಚ್ಚಿನ ಬಟ್ಟೆ ಬಿಗಿದಿದ್ದರು. ನಾನು ಇಂಗ್ಲಿಷಿನಲ್ಲಿ ಮೊದಲ ಪ್ರಶ್ನೆಯನ್ನು ಜೋಡಿಸಿಕೊಳ್ಳುತ್ತಿರುವಾಗಲೇ ಅವರು, “ಬರ್ರಿ, ಕುಂಡ್ರಿ. ಚಾ ತಗೋತೀರೇನ್ರಿ?” ಎಂದರು.

ನನ್ನ ಮುಖ ನೋಡಿ ನಕ್ಕರು. “ಧಾರವಾಡದಾಗ ಕೃಷಿ ಓದೀನ್ರಿ. ಹಾಸ್ಟೆಲ್ ಹುಡುಗ್ಯಾರು ಕಲಿಸಿದ್ರು. ಮೊದಲು ಬೈಯೂದು ಕಲ್ತೆ, ಆಮ್ಯಾಲೆ ಉಳದದ್ದು.”

“ಅದಕ್ಕ ಬೈಯೂದೊಂದು ಭಾಳ ಸ್ವಚ್ಛ ಐತಿ” ಎಂದರು ಮಾಸ್ತರು.

ಓದು ಮುಗಿಸಿ ಊರಿಗೆ ಹೋದವರು ಕೃಷಿ ಬಿಟ್ಟು ಕುಣಿತಕ್ಕೆ ಹೋಗಿದ್ದರು. ಅವರ ಊರು ಕಾಂಗೋದ ಪೂರ್ವ ಗಡಿಯ ಹತ್ತಿರ. ಅಲ್ಲಿ ಬಂದೂಕಿನವರು ಬರುತ್ತಾರೆ, ಹೋಗುತ್ತಾರೆ, ಮತ್ತೆ ಬೇರೆ ಹೆಸರಿನಲ್ಲಿ ಬರುತ್ತಾರೆ. ಅಜ್ಜಿಯ ಕಾಲದಲ್ಲಿ ಬೆಲ್ಜಿಯಂನವರು ಆಳುತ್ತಿದ್ದಾಗ ಪಾದ್ರಿಗಳು ಡೋಲನ್ನೂ ಕುಣಿತವನ್ನೂ ಬಿಡಿಸಿದ್ದರಂತೆ. ಬಿಟ್ಟಂತೆ ಮಾಡಿದವರು ಅಡುಗೆಮನೆಯಲ್ಲಿ, ಹೊಲದಲ್ಲಿ ಉಳಿಸಿಕೊಂಡರಂತೆ. ಅವರ ಕಡೆ ಸಾವಿನ ಮನೆಯಲ್ಲೂ ಕುಣಿಯುತ್ತಾರೆ. ಈ ಹೊಸ ಪ್ರಯೋಗ ಹುಟ್ಟಿದ್ದು ಅವರ ತಾಯಿಯ ಸಾವಿನಿಂದ.

“ನಮ್ಮವ್ವ ತೀರಿಕೊಂಡಾಗ ಊರಾಗ ಬಂದೂಕಿನವ್ರು ಇದ್ರು. ಗದ್ಲ ಮಾಡಬ್ಯಾಡ್ರಿ ಅಂದ್ರು. ಆತು ಅಂತ ಡೋಲು ಒಳಗಿಟ್ಟು ನಮ್ಮ ಹೆಣ್ಮಕ್ಳು ಕಾಲೀಲೆ ಬಡದ್ರು. ಕಾಲಿಗೆ ಯಾರು ಬ್ಯಾಡ ಅಂತಾರ್ರಿ?”

“ಅಂಥಾ ಹೊತ್ತಿನ್ಯಾಗ ಖುಷಿ ಹೆಂಗ ಬರ್ತೈತ್ರಿ?” ಎಂದು ಕೇಳಿದೆ. ವರದಿಗಾರ ಕೇಳಬೇಕಾದ ಪ್ರಶ್ನೆ ಅದು.

ಅವರು ಸೊಂಟದ ಬಟ್ಟೆಯ ಗಂಟನ್ನು ಬಿಗಿ ಮಾಡಿಕೊಂಡರು. “ಬರೂದಿಲ್ರಿ. ತರಬೇಕು, ನೀರು ತಂದಂಗ. ನಾವು ಹೆದರಿ ಮೂಲ್ಯಾಗ ಕುಂಡ್ರಲಿ ಅಂತ ಬಂದವ್ರು ಅವ್ರು. ನಾವು ಎದ್ದು ಕುಣದ್ವಿ ಅಂದ್ರ ಅವ್ರ ಕೆಲಸ ಅಪೂರ್ತಿ ಆತು ನೋಡ್ರಿ.”

ಆ ಮಾತನ್ನು ನಾನು ಹಾಗೆಯೇ ಬರೆದುಕೊಂಡೆ. ಅದು ಅಚ್ಚಾಗಲಿಲ್ಲ. ಒಂದು ಕಾಲಂನಲ್ಲಿ ಜಾಗ ಇರಲಿಲ್ಲ.

ಅವರ ಜೊತೆ ಏಳೆಂಟು ಹೆಂಗಸರಿದ್ದರು. ಹರ್ತಿಯಿಂದ ಬರುವ ಅಂಗನವಾಡಿ ಕಾರ್ಯಕರ್ತೆ, ಮುಂಡರಗಿ ಬಸ್ಸು ಹಿಡಿದು ಹಮ್ಮಿಗಿಯಿಂದ ಬರುವ ಒಬ್ಬ ರೈತ ಮಹಿಳೆ, ಉಳಿದವರು ಬೆಟಗೇರಿಯವರು. ಅವರು ಕುಣಿಯುತ್ತಿದ್ದದ್ದು ನಾನು ನೋಡಿದ ಯಾವ ನೃತ್ಯದ ಹಾಗೂ ಇರಲಿಲ್ಲ. ಮೊಣಕಾಲು ಸಡಿಲ, ಬೆನ್ನು ಮುಂದಕ್ಕೆ, ಮೈಭಾರವೆಲ್ಲ ಹಿಮ್ಮಡಿಗೆ. ಏನನ್ನೋ ಹೊತ್ತವರ ಹಾಗೆ ದುಂಡಗೆ ನಡೆಯುತ್ತಾರೆ. ಒಬ್ಬಳು ನಿಂತು ನೆಲ ಒದೆಯುತ್ತಾಳೆ, ಉಳಿದವರು ಅದಕ್ಕೆ ಕಾಲಿನಿಂದಲೇ ಓಗೊಡುತ್ತಾರೆ. ಹೆಗಲಿನಿಂದ ಶುರುವಾದ ನಡುಕ ಸೊಂಟಕ್ಕೆ ಇಳಿದು, ಅಲ್ಲಿಂದ ಕಾಲಿಗೆ ಬಂದು, ನೆಲ ಮುಟ್ಟುವಾಗ ಹೆಜ್ಜೆಯಾಗುತ್ತದೆ. ಮಗ್ಗದ ತಗ್ಗಿನ ಹಲಗೆಗಳು ಕೆಳಗೆ ಟೊಳ್ಳಾಗಿದ್ದರಿಂದ ಧಂ ಧಂ ಎಂದು ದನಿ ಕೊಡುತ್ತಿದ್ದವು. ಕೊನೆಗೆ ಒಬ್ಬಳು ನಗುತ್ತಾಳೆ, ಆ ನಗು ದುಂಡಗೆ ಸುತ್ತಿ ಎಲ್ಲರನ್ನೂ ಮುಟ್ಟುತ್ತದೆ. ಅಳುವಿನಿಂದ ನಗುವಿಗೆ ದಾಟುವ ಜಾಗ ಯಾವುದು ಎಂದು ನಾನು ಗಮನವಿಟ್ಟು ನೋಡಿದೆ. ಗುರುತಿಸಲು ಆಗಲಿಲ್ಲ.

“ಕಾಲಿನ ಲೆಕ್ಕ ತಪ್ಪದಾವ್ರು ಇನ್ನೊಬ್ರು ಬೇಕಾಗ್ಯಾರ್ರಿ. ಇವ್ರು ನಕ್ಕು ನಕ್ಕು ತಪ್ತಾರ” ಎಂದರು ಕಲಾವಿದೆ. ನಾನು ತಂಗಿಯ ಬಗ್ಗೆ ಹೇಳಿದೆ, ಅವಳ ಮನೆಯ ಸ್ಥಿತಿಯನ್ನೂ ಹೇಳಿದೆ. “ಹಂಗಾದ್ರ ಆಕಿನ್ನ ಕರಕೊಂಡು ಬರ್ರಿ” ಎಂದರು.

ಮುಂದಿನ ಭಾನುವಾರ ಲಕ್ಷ್ಮೇಶ್ವರ, ಶಿರಹಟ್ಟಿ ದಾಟಿ ಬರುವ ಬಸ್ಸಿನಲ್ಲಿ ತಂಗಿ ಬಂದಳು. ನೋಡಿಕೊಂಡು ಹೋಗುತ್ತೇನೆ ಅಷ್ಟೇ ಎಂದು ಗೋಡೆಯ ಪಕ್ಕ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಬಲಗೈ ತೊಡೆಯ ಮೇಲೆ ಇಲ್ಲದ ಲೇಜಿಮ್ ಅನ್ನು ತೆರೆದು ಮುಚ್ಚತೊಡಗಿತು. ಕಲಾವಿದೆ ಅದನ್ನು ಕಂಡರು. ಏನೂ ಹೇಳದೆ ಅವಳ ಎದುರು ಬಂದು ಬರೀ ಕಾಲಿನಲ್ಲಿ ಅದೇ ಲಯ ಹೊಡೆದು ನಿಂತರು. ತಂಗಿ ಕೂತಲ್ಲಿಂದಲೇ ಕಾಲಿನಿಂದ ಉತ್ತರ ಕೊಟ್ಟಳು. ಆಮೇಲೆ ಎದ್ದಳು. ಅವಳು ಎದ್ದ ಮೇಲೆ ಹಲಗೆಯ ದನಿ ಬದಲಾಯಿತು ಎಂದು ಮಾಸ್ತರು ಇವತ್ತಿಗೂ ಹೇಳುತ್ತಾರೆ. ನನ್ನ ಕಿವಿಗೆ ಅಂಥ ಬದಲಾವಣೆ ಕೇಳಿಸಿರಲಿಲ್ಲ. ಅವಳ ಬೆನ್ನು ನೆಟ್ಟಗಾದದ್ದನ್ನು ಮಾತ್ರ ನೋಡಿದೆ.

“ಏ ಅಣ್ಣಾ, ನೀ ಬರ್ಕೊಂತ ಕುಂಡ್ರು, ನಾವು ಬೆವರ್ತೀವಿ” ಎಂದಳು ಮಧ್ಯೆ ಒಮ್ಮೆ. ಭಾವ ಹೋದ ಮೇಲೆ ಅವಳು ನನ್ನನ್ನು ಚೇಷ್ಟೆ ಮಾಡಿದ್ದು ಅದೇ ಮೊದಲು.

ಆಮೇಲೆ ಪ್ರತಿ ಭಾನುವಾರ ಬಂದಳು. ಪ್ರಯೋಗದ ದಿನ ಗೊತ್ತಾಯಿತು. ಅದು ವರ್ಷದ ಪೂಜೆಗಿಂತ ಮೊದಲು ಬರುತ್ತಿತ್ತು. ನಾನು ಹೇಳಿದೆ: ನೀನು ಬೇಡ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

“ಸ್ಟೇಜ್ ಹೋದ್ರ ಹೋಗ್ಲಿ ಅಣ್ಣಾ. ನನಗ ನನ್ನ ಸೀಟಿ ಬೇಕು. ನನ್ನ ಹುಡುಗ್ಯಾರ ಮುಂದ ನಿಂದ್ರಬೇಕು. ಖರೆ ಅಂದ್ರ ಅತ್ತಿ ಒಂದು ಮಾತು ಆಡದ ನಾ ಸೀಟಿ ಮುಟ್ಟಾಂಗಿಲ್ಲ. ಒಂದ ಮನ್ಯಾಗ ಇಬ್ಬರ ಅದೀವಿ. ಆಕಿ ಮುಖ ನೋಡ್ಕೊಂಡು ನಾ ಬದುಕಬೇಕು.”

ಅತ್ತೆಗೆ ಹೇಳುವಾಗ ನಾನೂ ಇರಬೇಕು ಎಂದು ಅವಳು ಬಯಸಿದ್ದರಿಂದ ಶಿಗ್ಲಿಗೆ ಹೋದೆ. ಅತ್ತೆ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮಿತಭಾಷಿ, ತಮ್ಮ ಗಂಡನನ್ನೂ ಚಿಕ್ಕ ವಯಸ್ಸಿನಲ್ಲೇ ಕಳೆದುಕೊಂಡವರು.

“ಅತ್ತಿ, ಗದಗಿನ್ಯಾಗ ಒಂದು ಕಾರ್ಯಕ್ರಮ ಐತಿ. ಪರದೇಶದವ್ರದ್ದು. ಅವ್ರ ಕಡೆ ಸತ್ತ ಮನ್ಯಾಗ ಕುಣೀತಾರಂತ” ಎಂದಳು ತಂಗಿ.

“ಯಾರು ಸತ್ತಾರ?”

“ಅವರವ್ವ.”

ಅತ್ತೆ ಕೇರುವುದನ್ನು ನಿಲ್ಲಿಸಿದರು. “ಅವ್ವನ್ನ ಕಳಕೊಂಡು ನಮ್ಮೂರ ಕಡೆ ಬಂದಾಳಂದ್ರ, ನಾವು ಇನ್ನಾ ಮಾತಾಡ್ಸಾಕ ಹೋಗಿಲ್ಲಲ್ಲ. ಹೋಗಬೇಕು.”

“ನಾನೂ ಅದರಾಗ ಅದೀನಿ ಅತ್ತಿ. ಕುಣ್ಯಾವ್ರಾಗ.”

ಅತ್ತೆ ಮತ್ತೆ ಮೊರ ಎತ್ತಿಕೊಂಡರು. ಹೊಟ್ಟು ಹಾರಿತು, ಹರಳು ಒಂದು ಕಡೆ ಬಂದವು.  ನಾವು ಕಾಯ್ದೆವು. ಜೋಳ ಹಸನಾಯಿತು, ಅವರು ಒಳಗೆ ಹೋದರು. ಬೇಡ ಅನ್ನಲಿಲ್ಲವಲ್ಲ ಎಂದು ತಂಗಿ ಅಭ್ಯಾಸಕ್ಕೆ ಬರುತ್ತಲೇ ಇದ್ದಳು.

ಪ್ರಯೋಗದ ದಿನ ಸಂಜೆ ಗದಗದ ಒಂದು ಸಭಾಂಗಣದಲ್ಲಿ ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ. ನಾಟಕದ ಗೆಳೆಯರು, ಒಂದಿಷ್ಟು ಕಾಲೇಜು ಹುಡುಗರು ಬರಬಹುದು ಎಂದು ಮಾಸ್ತರು ಎಣಿಸಿದ್ದರು. ಶಿಗ್ಲಿಯಿಂದ ಬಾಡಿಗೆ ಟೆಂಪೋ ತುಂಬ ಜನ ಬಂದಿಳಿದರು. ಅತ್ತೆಯ ಮಾತು ಓಣಿಯಲ್ಲಿ ಹಬ್ಬಿತ್ತು: ತಾಯಿ ತೀರಿಕೊಂಡ ಹೆಣ್ಣುಮಗಳು, ಪರದೇಶದಿಂದ ಬಂದಿದ್ದಾಳೆ, ಮಾತಾಡಿಸಿಕೊಂಡು ಬರಬೇಕು. ಡ್ಯಾನ್ಸ್ ಪ್ರೋಗ್ರಾಂ ಎಂದು ಕರೆದಿದ್ದರೆ ಇವರಲ್ಲಿ ಒಬ್ಬರೂ ಬರುತ್ತಿರಲಿಲ್ಲ. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದುಕೊಂಡು ಒಂದು ಬದಿಗೆ ಕೂತರು, ಗಂಡಸರು ಇನ್ನೊಂದು ಬದಿಗೆ. ಬಾಗಿಲಲ್ಲಿ ಚಹಾ ಕೊಡುತ್ತಿದ್ದ ಕಾರ್ಯಕರ್ತರಿಗೆ ಕೈ ಅಡ್ಡ ಮಾಡಿದರು. ಅತ್ತೆ ಮಧ್ಯದಲ್ಲಿ ಎಲ್ಲೋ ಇದ್ದರು.

ಮಾಸ್ತರು ಮೈಕಿನಲ್ಲಿ, ಕಾಂಗೋ ದೇಶದಲ್ಲಿ ಸಾವಿನ ಮನೆಯಲ್ಲಿ ಕುಣಿಯುವ ಪದ್ಧತಿ ಇದೆ, ಈ ಪ್ರಯೋಗವನ್ನು ಕಲಾವಿದೆ ತಮ್ಮ ತಾಯಿಯ ನೆನಪಿಗೆ ಕಟ್ಟಿದ್ದಾರೆ ಎಂದು ಹೇಳಿ ಇಳಿದರು. ಹೇಳಿದ್ದೆಲ್ಲ ಸರಿಯೇ ಇತ್ತು. ಕಾಲೇಜು ಹುಡುಗರು ಕೂಡ ಮೊಬೈಲು ಜೇಬಿಗೆ ಹಾಕಿಕೊಂಡರು.

ಕುಣಿತ ಚೆನ್ನಾಗಿ ನಡೆಯಿತು. ಶೆಡ್ಡಿನ ಹಲಗೆಗಳನ್ನೇ ತಂದು ವೇದಿಕೆಗೆ ಹಾಸಿದ್ದರು. ತಂಗಿ ಬಿಳಿ ಚೂಡಿದಾರದಲ್ಲಿದ್ದಳು, ಶಾಲೆಯಲ್ಲಿ ಡ್ರಿಲ್ಲಿಗೆ ಹಾಕಿಕೊಳ್ಳುತ್ತಿದ್ದದ್ದೇ. ಭಾರ ಹೊತ್ತು ನಡೆದಳು, ನಿಂತಳು, ನೆಲ ಒದ್ದಳು. ಕೊನೆಯ ನಗು ಅವಳಿಂದ ಶುರುವಾಗಬೇಕಿತ್ತು. ಶುರುವಾಯಿತು. ಅಷ್ಟೂ ಹೆಂಗಸರು ನಗುತ್ತ, ಬೆವರುತ್ತ, ಸೊಂಟ ಕುಣಿಸುತ್ತ ಬೆಳಕಿನಲ್ಲಿ ನಿಂತರು. ದೀಪ ಆರಿ ಮತ್ತೆ ಹತ್ತಿತು.

ಚಪ್ಪಾಳೆ ಬರಲಿಲ್ಲ. ಒಂದು ಸದ್ದೂ ಇಲ್ಲ. ಶಿಗ್ಲಿಯವರು ಒಬ್ಬೊಬ್ಬರಾಗಿ ಎದ್ದರು, ವೇದಿಕೆಯ ಕಡೆ ಒಮ್ಮೆ ನೋಡಿದರು, ಸುಮ್ಮನೆ ಹೊರಗೆ ನಡೆದರು. ಅವರನ್ನು ನೋಡಿ ಉಳಿದವರೂ ಹೊರಟರು. ತಂಗಿಯ ಕಣ್ಣು ಅತ್ತೆಯನ್ನೇ ಹಿಂಬಾಲಿಸುತ್ತಿತ್ತು. ಅತ್ತೆಯೂ ಬಾಗಿಲು ದಾಟಿದರು, ತಿರುಗಿ ನೋಡಲಿಲ್ಲ.

“ನಾ ಏನರ ತಪ್ಪು ಮಾಡಿದೆನ್ರಿ?” ಎಂದು ಕಲಾವಿದೆ ನನ್ನನ್ನು ಕೇಳಿದರು. ಆ ದನಿಯಲ್ಲಿ ನಗು ಉಳಿದಿರಲಿಲ್ಲ.

ನಾನು ರೂಢಿಯನ್ನು ವಿವರಿಸಿದೆ. ಅವರು ಪ್ರದರ್ಶನಕ್ಕೆ ಬಂದಿರಲಿಲ್ಲ, ನಿಮ್ಮ ತಾಯಿಯ ಸಾವಿಗೆ ಬಂದಿದ್ದರು. ಸಾವಿನ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಹೋಗಿ ಬರ್ತೀವಿ ಅನ್ನುವುದೂ ಇಲ್ಲ ಎಂದೆ. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಹರ್ತಿಯ ಅಂಗನವಾಡಿ ಕಾರ್ಯಕರ್ತೆ ಹೊರಗಿನಿಂದ ಕರೆದಳು. ಬಣ್ಣದ ಕೋಣೆಯ ಬಾಗಿಲಲ್ಲಿ ಬಟ್ಟೆಯ ಗಂಟುಗಳು ಸಾಲಾಗಿ ಇದ್ದವು. ಬಿಚ್ಚಿದರೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಚಟ್ನಿ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ಬೇರೆ ಮನೆಯವರು ಒಯ್ಯುವ ಬುತ್ತಿ ಅದು. ಯಾರು ಯಾವಾಗ ಇಟ್ಟು ಹೋದರು ಎಂದು ಯಾರಿಗೂ ಗೊತ್ತಿರಲಿಲ್ಲ.

ಕಲಾವಿದೆ ಅಲ್ಲೇ ನೆಲದ ಮೇಲೆ ಕೂತರು. ಒಂದು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು, ಅತ್ತರು. ತಾಯಿ ತೀರಿಕೊಂಡಾಗ ಅವರ ಊರಿಗೆ ಹೊರಗಿನಿಂದ ಯಾರೂ ಬರಲು ಆಗಿರಲಿಲ್ಲ, ರಸ್ತೆ ಮುಚ್ಚಿತ್ತು ಎಂದು ಆಮೇಲೆ ಹೇಳಿದರು.

ತಂಗಿ ಒಂದು ಗಂಟನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. “ಇದು ನಮ್ಮ ಅತ್ತಿ ಹಳೇ ಸೀರಿ ತುಂಡು” ಎಂದಳು. “ಇವರವ್ವನ ಸಾವಿಗೆ ಬುತ್ತಿ ತಂದಾಳ. ನಾ ಕುಣದದ್ದಕ್ಕ ಏನೂ ಅನ್ನಲಿಲ್ಲ.”

ರೂಢಿ ಆ ಮೌನದ ಒಂದು ಭಾಗವನ್ನು ಮಾತ್ರ ವಿವರಿಸುತ್ತಿತ್ತು. ಉಳಿದ ಭಾಗ ಶಿಗ್ಲಿಯ ಮನೆಯಲ್ಲಿತ್ತು.

ನಾನು ವರದಿಯಲ್ಲಿ, ಪ್ರೇಕ್ಷಕರು ಚಪ್ಪಾಳೆ ತಟ್ಟದೆ ಹೊರನಡೆದರು ಎಂದು ಬರೆದೆ. ಮರುದಿನ ನೋಡಿದರೆ ‘ಪ್ರೇಕ್ಷಕರು ಮೂಕವಿಸ್ಮಿತರಾದರು’ ಎಂದು ಅಚ್ಚಾಗಿತ್ತು. ಡೆಸ್ಕಿನವರು ಒಳ್ಳೆಯದನ್ನೇ ಬಯಸಿದ್ದರು.

ಆ ವಾರ ತಂಗಿಯ ಮನೆಯಲ್ಲಿ ಮಾತು ಇನ್ನಷ್ಟು ಕಡಿಮೆಯಾಯಿತು. ಅತ್ತೆ ಬಡಿಸುತ್ತಿದ್ದರು, ಇವಳು ಉಣ್ಣುತ್ತಿದ್ದಳು. ಓಣಿಯಲ್ಲಿ ಒಬ್ಬರು, “ವರ್ಷ ತುಂಬೂತನಕ ಕಾಲು ತಡೀಲಿಲ್ಲೇನವಾ?” ಎಂದು ಕೇಳಿಯೂ ಆಗಿತ್ತು. ಶಾಲೆಯಲ್ಲಿ ಕುರ್ಚಿ ಬೇವಿನ ನೆರಳಿನಲ್ಲಿ ಅಲ್ಲೇ ಇತ್ತು.

ಕಲಾವಿದೆ, ಬುತ್ತಿ ಕಟ್ಟಿದ್ದ ಆ ಸೀರೆಯ ತುಂಡನ್ನು ತಾವೇ ಅತ್ತೆಗೆ ಮುಟ್ಟಿಸಬೇಕು, ಅವರ ಮಗನ ಸಾವಿಗೆ ತಾವೂ ಇನ್ನೂ ಮಾತಾಡಿಸಿಲ್ಲ ಎಂದರು. ಭಾನುವಾರ ಅವರನ್ನು ಶಿಗ್ಲಿಗೆ ಕರೆದುಕೊಂಡು ಹೋದೆ. ಹೋಗುವಾಗ ಅಲ್ಲಿ ಹೇಗಿರಬೇಕೆಂದು ಕೇಳಿ ತಿಳಿದುಕೊಂಡರು. ಚಹಾ ಬೇಡ ಅನ್ನಬೇಕು, ಹೊರಡುವಾಗ ಏನೂ ಅನ್ನಬಾರದು ಎಂದು ಹೇಳಿದೆ.

“ಕುಂಡ್ರವಾ” ಎಂದರು ಅತ್ತೆ. ಕಲಾವಿದೆ ಗೋಡೆಗೆ ಆತು ಕೂತರು. ಒಗೆದು ಮಡಚಿದ ಬಟ್ಟೆಯನ್ನು ಮುಂದಿಟ್ಟರು. ಗೋಡೆಯ ಮೇಲೆ ಭಾವನ ಫೋಟೋ ಇತ್ತು, ಅದನ್ನು ನೋಡಿದರು.

“ನಿಮ್ಮವ್ವಗ ಎಷ್ಟು ಮಂದಿ ಮಕ್ಕಳು?” ಎಂದು ಅತ್ತೆ ಕೇಳಿದರು.

“ಭಾಳ ಮಂದಿ ರೀ. ನಾ ಸಣ್ಣಾಕಿ.”

“ಬಂದೂಕಿನವ್ರು ಇದ್ರಂತ?”

“ಇದ್ರು ರೀ.”

“ಆದ್ರೂ ಕುಣದ್ರಿ?”

“ಹೌದ್ರಿ ಅವ್ವಾರ.”

“ಮೊದಲು ಎದ್ದಾಕಿ ಯಾರು?”

“ನಮ್ಮವ್ವನ ಅಕ್ಕ. ಮುದುಕಿ. ಆಕಿ ಎದ್ದು ನಮ್ಮನ್ನ ಎಲ್ಲಾರ್ನೂ ಕೈ ಹಿಡದು ಎಬ್ಬಿಸಿದ್ಳು.”

ಅತ್ತೆ ಸ್ವಲ್ಪ ಹೊತ್ತು ಬಟ್ಟೆಯ ಅಂಚನ್ನು ಬೆರಳಿನಿಂದ ತೀಡುತ್ತ ಇದ್ದರು. ಆಮೇಲೆ ನನ್ನ ಕಡೆ ನೋಡಿ ಹೇಳಿದರು. “ತಮ್ಮಾ, ನಮ್ಮ ಯಜಮಾನ್ರು ಹೋದಾಗ ನಾ ಈ ಕಂಬದ ಬುಡಕ ಕುಂತೆ. ಎಲ್ಲಾರೂ ಬಂದ್ರು, ಬುತ್ತಿ ತಂದ್ರು, ಹೋದ್ರು. ಭಾಳ ಛಲೋ ನೋಡ್ಕೊಂಡ್ರು. ಏಳು ಅಂತ ಅನ್ನಾವ್ರು ಒಬ್ಬರೂ ಬರ್ಲಿಲ್ಲ.”

ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.  ಬಿಸಿಲು ಪಡಸಾಲೆಯ ಕಟ್ಟೆಯಿಂದ ಸರಿದಿತ್ತು. ಬಸ್ಸಿನ ಹೊತ್ತಾಗಿತ್ತು. ಕಲಾವಿದೆ ಎದ್ದರು, ನಾನು ಹೇಳಿದ್ದಂತೆ ಬಾಯಿ ಬಿಡದೆ ಕೈ ಮುಗಿದರು, ಚಪ್ಪಲಿ ಹುಡುಕಿ ಮೆಟ್ಟಿಕೊಂಡರು, ಅಂಗಳಕ್ಕೆ ಇಳಿದರು.

“ಯಾಕವಾ?” ಎಂದರು ಅತ್ತೆ ಕೂತಲ್ಲಿಂದಲೇ. “ಬರ್ತೀನಿ ಅನ್ನಾಂಗಿಲ್ಲೇನು?”

ಕಲಾವಿದೆ ನನ್ನ ಮುಖ ನೋಡಿದರು. “ಅನ್ನಬಾರದು ಅಂತ ಹೇಳ್ಯಾರ್ರಿ ಅವ್ವಾರ.”

“ಅದು ಸತ್ತ ಮನ್ಯಾಗ.”

ನಾನು ತಂಗಿಯ ಕಡೆ ನೋಡಿದೆ. ಅವಳು ಚೌಕಟ್ಟನ್ನು ಹಿಡಿದುಕೊಂಡಿದ್ದಳು. ವರ್ಷದ ಪೂಜೆ ಇನ್ನೂ ಆಗಿರಲಿಲ್ಲ. ಅಂಥ ಮಾತನ್ನು ಆಡುವ ಅಧಿಕಾರ ಆ ಮನೆಯಲ್ಲಿ ಒಬ್ಬರಿಗೇ ಇತ್ತು, ಅವರು ಆಡಿದ್ದರು.

“ಹೋಗಿ ಬರ್ತೀನ್ರಿ ಅವ್ವಾರ” ಎಂದರು ಕಲಾವಿದೆ.

“ಬಾ.” ಅತ್ತೆ ಕಂಬ ಹಿಡಿದು ಎದ್ದು ನಿಂತರು, ಸೊಸೆಯ ಕಡೆ ತಿರುಗಿದರು. “ನೀ ಏನು ನೋಡ್ಕೊಂತ ನಿಂತಿ? ನಾಳೆ ಶಾಲಿ ಐತೋ ಇಲ್ಲೋ? ಸೀಟಿ ಎಲ್ಲಿಟ್ಟಿ?”

“ಅವ್ರ ಅಂಗಿ ಹಾಕಿದ ಮೊಳಿಗೇ ಐತ್ರಿ ಅತ್ತಿ.”

“ತಗೊಂಡು ಬಾ. ಧೂಳು ಕುಂತಿರ್ತೈತಿ, ತೊಳದು ಕೊಡ್ತೀನಿ.”